ಜೋಗಕ್ಕೆ ಬೇಕಾದ ಛತ್ರ

ನಮ್ಮ ನಾಡಿನ ಗೃಹಸ್ಥರು ಮಡದಿಮಕ್ಕಳೊಡನೆ ಪ್ರವಾಸ ಹೊರಡುವ ಸ್ಥಳಗಳಲ್ಲಿ ಜೋಗಕ್ಕೆ ಸಲ್ಲುವ ಮರ್ಯಾದೆಯು ಮತ್ತೊಂದಕ್ಕೆ ಸಲ್ಲುವುದು ಅಪೂರ್ವ. ಶರಾವತೀ ನದಿಯು ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ, ಮಲೆನಾಡಿನ ಕಾಡುಗಳನ್ನು ಹಾದು, ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ ಸುಮಾರು ೮೩೦ ಅಡಿಗಳ ಆಳಕ್ಕೆ ಧುಮುಕಿ, ಗೇರುಸೊಪ್ಪೆಯ ಮಾರ್ಗವಾಗಿ ಹೊನ್ನಾವರದಲ್ಲಿ ಕಡಲನ್ನು ಸೇರುವುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಇಷ್ಟು ದೊಡ್ಡ ವಸ್ತುವನ್ನು ನೋಡಲು ಬಂದವರನ್ನು ಎದುರುಗೊಳ್ಳುವ ಮನೆಯು ಹೇಗಿರಬೇಕೆಂಬುದನ್ನು ನಾವು ಯೋಚಿಸಿರುವುದು ಕಡಮೆ.

ಈ ಯೋಚನೆಗೆ ಇದೇ ತಕ್ಕ ಕಾಲ. ಈಚಿನ ವರ್ಷಗಳಲ್ಲಿ ಸರಕಾರವು ಜೋಗದ ಅಭಿವೃದ್ಧಿಗೆಂದು ಬಹಳ ಧನವನ್ನು ವಿನಿಯೋಗಿಸುತ್ತ ಬಂದಿದೆ. ೨೦೨೫ನೆಯ ವರ್ಷದ ಮೊದಲ ತಿಂಗಳುಗಳಲ್ಲಿ ಪ್ರವೇಶದ್ವಾರದ ಕೆಲಸಕ್ಕಾಗಿ ಪ್ರೇಕ್ಷಕರ ಪ್ರವೇಶವನ್ನೇ ನಿಲ್ಲಿಸಲಾಗಿದ್ದಿತು. ತೂಗುಬಂಡಿ, ದೊಡ್ಡ ಹೋಟೆಲು ಮೊದಲಾದವುಗಳ ಪ್ರಸ್ತಾಪವೂ ಕೇಳಿಬಂದಿದೆ. ಇವುಗಳ ಗುಣದೋಷಗಳನ್ನು ಬಲ್ಲವರು ವಿಚಾರಮಾಡಲಿ. ನಾವು ಇಲ್ಲಿ ಒಂದೇ ವಿಷಯವನ್ನು ವಾಚಕರ ಮುಂದಿಡುವೆವು. ಬಂದವರನ್ನು ಸತ್ಕರಿಸಿ, ಅವರಿಗೆ ಸ್ಥಳದ ಪರಿಚಯವನ್ನು ಮಾಡಿಕೊಟ್ಟು, ಆ ಬಳಿಕ ನೋಟದ ಕಡೆಗೆ ಕಳುಹಿಸುವ ಮಂದಿರವೊಂದು ಇಂಥ ಎಡೆಗಳಲ್ಲಿ ಅವಶ್ಯವಾಗಿ ಇರತಕ್ಕದ್ದು. ಅದನ್ನು ಕಟ್ಟುವವರು ಮೂರು ವಿಚಾರಗಳನ್ನು ಮರೆಯಬಾರದು. ಅದು ಎಲ್ಲಿ ನಿಲ್ಲಬೇಕು, ಏನನ್ನು ಕೊಡಬೇಕು, ಏನನ್ನು ಹೇಳಬೇಕು ಎಂಬುವೇ ಆ ಮೂರು.

ಇಂಥ ಮಂದಿರದ ಕಲ್ಪನೆಯು ಪಾಶ್ಚಾತ್ಯರದೆಂದು ಕೆಲವರು ಹೇಳುವರು. ಅಮೆರಿಕಾ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ ೧೯೫೬ರಿಂದ ೧೯೬೬ರವರೆಗಿನ ಹತ್ತು ವರ್ಷಗಳಲ್ಲಿ ಸಂದರ್ಶಕರ ಮಂದಿರಗಳನ್ನು ಒಂದು ಯೋಜನೆಯ ಮೇರೆಗೆ ಹಲವೆಡೆ ಕಟ್ಟಿಸಿದರೆಂಬುದು ನಿಜ. ಹೆಸರು ಅಲ್ಲಿಯದಾದರೂ ವಸ್ತುವು ನಮಗೆ ಹೊಸದಲ್ಲ. ನಮ್ಮ ಹಿರಿಯರು ಕ್ಷೇತ್ರಗಳಿಗೆ ಕಾಲ್ನಡಗೆಯಿಂದ ಹೋಗುತ್ತಿದ್ದಾಗ ದಾರಿಯಲ್ಲಿ ಅರವಟ್ಟಿಗೆ, ಊರಿನಲ್ಲಿ ಛತ್ರ, ಗುಡಿಯಲ್ಲಿ ಸ್ಥಳಪುರಾಣ, ಈ ಮೂರೂ ಅವರಿಗೆ ದೊರೆಯುತ್ತಿದ್ದುವು. ಅರವಟ್ಟಿಗೆಯು ಬಾಯಾರಿದವನಿಗೆ ನೀರನ್ನು ಕೊಟ್ಟಿತು. ಛತ್ರವು ದಣಿದವನಿಗೆ ನೆರಳನ್ನು ಕೊಟ್ಟಿತು. ಸ್ಥಳಪುರಾಣವು ತಾನೆಲ್ಲಿಗೆ ಬಂದಿರುವೆನೆಂಬ ಅರಿವನ್ನು ಕೊಟ್ಟಿತು. ಇಂದಿನ ಸಂದರ್ಶಕ ಮಂದಿರವು ಈ ಮೂರರ ಕೆಲಸವನ್ನು ಒಂದೇ ಸೂರಿನ ಕೆಳಗೆ ಮಾಡಿದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳುವುದು ಅನಾವಶ್ಯಕ.

ಮೊದಲನೆಯದು ಸ್ಥಾನದ ವಿಚಾರ. ಛತ್ರವು ಎಂದೂ ಗರ್ಭಗುಡಿಯ ಬಾಗಿಲಿಗೆ ಅಡ್ಡವಾಗಿ ನಿಲ್ಲಲಿಲ್ಲ. ಅದು ಬೀದಿಯಲ್ಲಿಯೋ ಕೆರೆಯ ಬದಿಯಲ್ಲಿಯೋ ಇದ್ದು, ಭಕ್ತನು ಅಲ್ಲಿಂದ ಕೈಕಾಲು ತೊಳೆದು ನಡೆದು ಹೋಗುತ್ತಿದ್ದನು. ನೋಡತಕ್ಕ ಸ್ಥಳಕ್ಕೂ ಇದೇ ನ್ಯಾಯ. ಇದನ್ನು ಉಲ್ಲಂಘಿಸಿ ಪಶ್ಚಾತ್ತಾಪಪಟ್ಟವರ ದೃಷ್ಟಾಂತಗಳು ಲೋಕದಲ್ಲಿ ಉಂಟು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬಲ್ಲಿ ಬಯಲಿನ ನಡುವೆ ನಿಂತ ಪ್ರಾಚೀನ ಶಿಲಾವೃತ್ತವೊಂದಿದೆ. ಅದರ ಪಕ್ಕದಲ್ಲಿಯೇ ಮೋಟಾರುಗಳು ಓಡುವ ರಸ್ತೆಯೂ, ವಾಹನಗಳ ನಿಲ್ದಾಣವೂ, ಅಂಗಡಿಯೂ ಬಹುಕಾಲ ಇದ್ದುವು. ಕಲ್ಲುಗಳ ಗಾಂಭೀರ್ಯವು ಈ ಗದ್ದಲದಲ್ಲಿ ಕರಗಿಹೋಗುತ್ತಿದ್ದಿತು. ಕೊನೆಗೆ ೨೦೧೩ರಲ್ಲಿ ಅಲ್ಲಿಯವರು ಸುಮಾರು ಒಂದೂವರೆ ಮೈಲಿನ ದೂರದಲ್ಲಿ ಹೊಸ ಮಂದಿರವನ್ನು ತೆರೆದು, ಹತ್ತಿರದ ರಸ್ತೆಯನ್ನು ಮುಚ್ಚಿ, ಅದರ ಮೇಲೆ ಹುಲ್ಲನ್ನು ಬೆಳೆಯಿಸಿದರು. ಈಗ ಪ್ರೇಕ್ಷಕರು ಮಂದಿರದಿಂದ ನಡೆದಾಗಲಿ, ಅಲ್ಲಿಯ ಸಣ್ಣ ವಾಹನದಲ್ಲಿ ಕುಳಿತಾಗಲಿ ಕಲ್ಲುಗಳ ಬಳಿಗೆ ಹೋಗುವರು.

ಇದಕ್ಕಿಂತಲೂ ಜೋಗಕ್ಕೆ ಹತ್ತಿರವಾದ ಉದಾಹರಣೆಯು ಉತ್ತರ ಐರ್ಲೆಂಡಿನ ಕಡಲ ತೀರದ್ದು. ಅಲ್ಲಿ ಸುಮಾರು ೪೦,೦೦೦ ಕಪ್ಪು ಶಿಲಾಸ್ತಂಭಗಳು, ಅವುಗಳಲ್ಲಿ ಹೆಚ್ಚಿನವು ಷಟ್ಕೋಣಾಕಾರದವು, ಯಾರೋ ಜೋಡಿಸಿಟ್ಟಂತೆ ಸಮುದ್ರದೊಳಕ್ಕೆ ಇಳಿದುಹೋಗಿವೆ. ಜನರು ಅದನ್ನು ದೈತ್ಯನ ಸೇತುವೆ ಎನ್ನುವರು. ೧೯೮೬ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿದ್ದ ಹಳೆಯ ಮಂದಿರವು ೨೦೦೦ದಲ್ಲಿ ಬೆಂಕಿಗೆ ಆಹುತಿಯಾಯಿತು. ಹೊಸದನ್ನು ಯಾರು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬ ವಿವಾದದಲ್ಲಿ ೧೨ ವರ್ಷಗಳು ಕಳೆದುವು. ೨೦೧೨ರಲ್ಲಿ ತೆರೆದ ಈಗಿನ ಕಟ್ಟಡವು ಕಲ್ಲುಗಳಿಂದ ಸುಮಾರು ಒಂದು ಕಿಲೋಮೀಟರು ದೂರದಲ್ಲಿದೆ. ಅದರ ಗೋಡೆಗಳ ಕಂಬಗಳು ಆ ಸೀಮೆಯ ಕಪ್ಪು ಶಿಲೆಯಿಂದಲೇ ಆದುವು. ಛಾವಣಿಯ ಮೇಲೆ ಹುಲ್ಲು ಬೆಳೆದು, ನೆಲವೇ ಕೊಂಚ ಮೇಲೆದ್ದಂತೆ ತೋರುವುದು. ದೂರದಿಂದ ಬರುವವನ ಕಣ್ಣಿಗೆ ಕಟ್ಟಡವು ಬಿದ್ದೂ ಬೀಳದಂತಿರುವುದೇ ಅದರ ಶ್ಲಾಘ್ಯವಾದ ಗುಣವೆಂದು ನಮಗೆ ತೋರುವುದು.

ಜೋಗದಲ್ಲಿಯೂ ಮಂದಿರವು ಕಣಿವೆಯ ಅಂಚನ್ನು ಬಿಟ್ಟು ಹಿಂದಕ್ಕೆ ಸರಿದಿರಬೇಕು. ಎತ್ತರದಲ್ಲಿ ಅದು ಸುತ್ತಲಿನ ಮರಗಳನ್ನು ಮೀರಬಾರದು. ಮಲೆನಾಡಿಗೆ ತನ್ನದೇ ಆದ ವಾಸ್ತುಕ್ರಮವೊಂದುಂಟು. ಜಂಬಿಟ್ಟಿಗೆಯ ಗೋಡೆ, ಇಳಿಜಾರಾದ ಹೆಂಚಿನ ಮಾಡು, ಮಳೆಯ ಇರಿಚಲು ತಾಗದಂತೆ ಮುಂದಕ್ಕೆ ಚಾಚಿದ ಸೂರು, ಅದರ ಕೆಳಗೆ ನೂರು ಜನ ಕೂರಬಹುದಾದ ಜಗಲಿ, ಇಷ್ಟಿದ್ದರೆ ಕಟ್ಟಡವು ಆ ನೆಲದಲ್ಲಿ ಹುಟ್ಟಿದಂತೆಯೇ ಕಾಣುವುದು. ಗಾಜಿನ ಗೋಡೆಗಳೂ ಬಣ್ಣದ ದೀಪಗಳೂ ಪಟ್ಟಣದ ಅಂಗಡಿಬೀದಿಗೆ ಒಪ್ಪುವುವೇ ಹೊರತು ಶರಾವತಿಯ ಎದುರಿಗೆ ಒಪ್ಪುವುದಿಲ್ಲ. ವಾಹನಗಳ ನಿಲ್ದಾಣವಂತೂ ಮಂದಿರಕ್ಕಿಂತಲೂ ಹಿಂದಿರಬೇಕು. ಮಳೆಗಾಲದ ಭಾನುವಾರಗಳಲ್ಲಿ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುವ ಮೋಟಾರುಗಳ ಹೊಗೆಯಲ್ಲಿ ಹೊರಟವನು ಜಲಪಾತವನ್ನು ಕಾಣುವ ಮೊದಲೇ ಆಯಾಸಗೊಂಡಿರುವನು. ತಾಳಗುಪ್ಪದವರೆಗೆ ರೈಲು ಇರುವುದರಿಂದ, ಅಲ್ಲಿಂದಲೂ ಸಾಗರದಿಂದಲೂ ಹೊತ್ತುಹೊತ್ತಿಗೆ ಬಸ್ಸುಗಳನ್ನು ಗೊತ್ತುಮಾಡಿದರೆ ಈ ಸಾಲು ಎಷ್ಟೋ ಮೊಟಕಾಗುವುದು.

ಎರಡನೆಯದು ಉಪಚಾರದ ವಿಚಾರ. ಇದನ್ನು ಕ್ಷುಲ್ಲಕವೆಂದು ಭಾವಿಸುವ ಯೋಜಕರುಂಟು. ಆದರೆ ಸಂಸಾರವಂದಿಗನು ಹಾಗೆ ಭಾವಿಸಲಾರನು. ಆರು ಗಂಟೆಗಳ ಪ್ರಯಾಣ ಮಾಡಿ ಬಂದ ಹೆಂಗಸರಿಗೆ ಶುಚಿಯಾದ ಶೌಚಗೃಹವೇ ಮೊದಲ ಅವಶ್ಯಕತೆ. ರಾಜನೂ ರಾಣಿಯೂ ಆಮೇಲೆ. ಕೂಸಿಗೆ ಹಾಲೂಡಿಸಲು ತಾಯಿಗೆ ಮರೆಯಾದ ಕೋಣೆ, ಮುದುಕರಿಗೆ ಬೆನ್ನು ಆನಿಸುವ ಆಸನ, ನಡೆಯಲಾರದವರ ಗಾಲಿಕುರ್ಚಿಯು ಮಂದಿರದಿಂದ ನೋಟದ ಕಟ್ಟೆಯವರೆಗೆ ಮೆಟ್ಟಿಲಿಲ್ಲದೆ ಸಾಗುವಂಥ ದಾರಿ, ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಿ ಉಣ್ಣುವ ಜಗಲಿ, ಧರ್ಮಾರ್ಥವಾದ ಕುಡಿಯುವ ನೀರು, ಇವು ಐಷಾರಾಮಗಳಲ್ಲ. ನೀರು ಧಾರಾಳವಾಗಿ ದೊರೆತಲ್ಲಿ ಪ್ಲಾಸ್ಟಿಕ್ಕಿನ ಶೀಸೆಗಳು ಕಡಮೆಯಾಗುವುವು. ಶೀಸೆಗಳು ಕಡಮೆಯಾದಲ್ಲಿ ಕಣಿವೆಯು ಶುಚಿಯಾಗಿರುವುದು. ಕೋತಿಗಳು ತೆರೆಯಲಾರದ ಮುಚ್ಚಳದ ಕಸದ ತೊಟ್ಟಿಗಳು ಬೇಕು. ಮಂದಿರದ ಕೊಳೆನೀರಿನ ಒಂದು ಹನಿಯೂ ಶುದ್ಧಿಯಾಗದೆ ಕಣಿವೆಗೆ ಇಳಿಯದಂತೆ, ಅದೂ ಮಲೆನಾಡಿನ ಆಷಾಢಶ್ರಾವಣಗಳ ಮಳೆಯಲ್ಲಿ ಇಳಿಯದಂತೆ, ಇಂಜಿನಿಯರುಗಳು ಮೊದಲೇ ಏರ್ಪಾಡು ಮಾಡಬೇಕು. ಕಟ್ಟಡದ ಅಂದವನ್ನು ಎಲ್ಲರೂ ಹೊಗಳುವರು. ಈ ಏರ್ಪಾಡನ್ನು ಯಾರೂ ನೋಡರು. ಆದರೂ ನದಿಯ ಆರೋಗ್ಯವು ಇದನ್ನೇ ಅವಲಂಬಿಸಿದೆ.

ಮಳೆಗಾಲದಲ್ಲಿ ಜೋಗದ ಮಂಜು ಎದ್ದರೆ ಜಲಪಾತದ ಸದ್ದು ಮಾತ್ರ ಕೇಳಿಸಿ, ಕಣ್ಣಿಗೆ ಬೆಳ್ಳಗಿನ ಗೋಡೆಯೊಂದಲ್ಲದೆ ಬೇರೇನೂ ಕಾಣದು. ಗಾಳಿಯು ತಿರುಗಿದಾಗ ಮಂಜು ಸರಿದು ಕ್ಷಣಕಾಲ ಎಲ್ಲವೂ ಗೋಚರವಾಗುವುದು. ಆ ಕ್ಷಣಕ್ಕಾಗಿ ಕಾಯುವ ತಾಳ್ಮೆಯು, ತೊಯ್ದು ನಡುಗುವ ಮಕ್ಕಳನ್ನು ಹೊತ್ತವರಿಗೆ ಎಲ್ಲಿಂದ ಬರಬೇಕು? ಒಣಗಿದ ಜಗಲಿಯೂ ಬಿಸಿಯಾದ ಕಾಫಿಯೂ ಇದ್ದಲ್ಲಿ ಅವರು ಒಂದು ಗಂಟೆಯಾದರೂ ಕಾದಾರು. ಹೀಗೆ ಒಳ್ಳೆಯ ಮಂದಿರವು ನೋಟಕ್ಕೆ ಪ್ರತಿಸ್ಪರ್ಧಿಯಾಗದೆ ನೋಟದ ಸಹಾಯಕನಾಗುವುದು.

ಮೂರನೆಯದೂ ಮುಖ್ಯತಮವೂ ಆದುದು ಸ್ಥಳಪುರಾಣದ ವಿಚಾರ. ನಾವು ಅಧ್ಯಾಪಕರಾಗಿದ್ದ ಕಾಲದಲ್ಲಿ ಒಂದು ಜನವರಿ ತಿಂಗಳಿನಲ್ಲಿ ಮಕ್ಕಳನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆವು. ಪಂಚಾಂಗದ ಚಿತ್ರವನ್ನು ನೋಡಿ ನಾಲ್ಕು ಧಾರೆಗಳನ್ನು ಬರೆದುಕೊಂಡು ಬಂದಿದ್ದ ಬಾಲಿಕೆಯೊಬ್ಬಳು, ತನ್ನ ಹಾಳೆಯನ್ನು ಎದುರಿನ ಬಂಡೆಗೆ ಹಿಡಿದು ಹೋಲಿಸಿ, ಉಳಿದ ನೀರು ಎಲ್ಲಿಗೆ ಹೋಯಿತೆಂದು ಕೇಳಿದಳು. ಬಂಡೆಯ ಮೇಲೆ ಎರಡು ತೆಳುವಾದ ಎಳೆಗಳು ಮಾತ್ರ ಇಳಿಯುತ್ತಿದ್ದುವು. ಅವಳ ಪ್ರಶ್ನೆಗೆ ಉತ್ತರ ಹೇಳುವ ಫಲಕವೊಂದೂ ಅಲ್ಲಿ ನಮಗೆ ಕಾಣಲಿಲ್ಲ. ಮಕ್ಕಳನ್ನು ನೆರಳಿನಲ್ಲಿ ಕೂರಿಸಿ ನಾವೇ ಹೇಳಿದೆವು. ಅಂದಿನಿಂದಲೂ ನಮ್ಮ ಅಭಿಪ್ರಾಯವಿಷ್ಟೆ: ಜೋಗದ ಮಂದಿರವು ಮತ್ತಾವ ಪ್ರಶ್ನೆಗೆ ಉತ್ತರ ಕೊಡದಿದ್ದರೂ ಈ ಬಾಲಿಕೆಯ ಪ್ರಶ್ನೆಗೆ ಕೊಡತಕ್ಕದ್ದು.

ಉತ್ತರವು ಹೀಗೆ. ಜೋಗದ ನೀರಿನಿಂದ ವಿದ್ಯುತ್ತನ್ನು ಪಡೆಯುವ ಕಾರ್ಯವು ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷ್ಣರಾಜೇಂದ್ರರ ಹೆಸರಿನಲ್ಲಿ ಆರಂಭವಾಗಿ, ೧೯೪೮ರಲ್ಲಿ ಫಲಕ್ಕೆ ಬಂದಿತು. ಬಳಿಕ ಆ ವಿದ್ಯುದಾಗಾರವು ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. ಅದರ ಮೊದಲಿನ ಶಕ್ತಿಯು ೧೨೦ ಮೆಗಾವ್ಯಾಟ್. ಅದಕ್ಕೆ ನೀರನ್ನು ಕೂಡಿಡಲು ಹಿರೇಭಾಸ್ಕರದಲ್ಲಿ ಅಣೆಕಟ್ಟನ್ನು ಕಟ್ಟಿದರು. ನಾಡಿನ ಬೇಡಿಕೆಯು ಬೆಳೆಯಲು, ೧೯೬೪ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಮುಗಿದು, ಹಿರೇಭಾಸ್ಕರವು ತಾನೇ ಆ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ಜಲಾಶಯವು ಬಹಳ ತಗ್ಗಿದಾಗ ಹಳೆಯ ಕಟ್ಟೆಯು ಮೇಲೆ ಕಾಣಿಸಿಕೊಳ್ಳುವುದುಂಟು. ಲಿಂಗನಮಕ್ಕಿಯ ನೀರು ತಳಕಳಲೆಯ ಮೂಲಕ ಸಾಗಿ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುವುದು. ಅವುಗಳ ಒಟ್ಟು ಶಕ್ತಿ ೧,೦೩೫ ಮೆಗಾವ್ಯಾಟ್. ಆದಕಾರಣ ಮಳೆಗಾಲದ ತುಂಬುನೀರಿನ ದಿನಗಳನ್ನು ಬಿಟ್ಟರೆ ಬಂಡೆಯ ಮೇಲೆ ಇಳಿಯಬೇಕಾದ ನದಿಯು ಕೊಳವೆಗಳಲ್ಲಿ ಇಳಿಯುತ್ತಿರುವುದು. ಬಾಲಿಕೆಯು ಹುಡುಕಿದ ನೀರು ಅವಳ ಮನೆಯ ದೀಪದಲ್ಲಿದ್ದಿತು.

ಇಷ್ಟು ಹೇಳಿ ನಿಲ್ಲಿಸಿದರೆ ಪುರಾಣವು ಅರ್ಧವಾಯಿತು. ಆ ಜಲಾಶಯದ ಅಡಿಯಲ್ಲಿ ಊರುಗಳಿವೆ. ಗದ್ದೆ, ಅಡಕೆಯ ತೋಟ, ಗುಡಿ, ಶಾಲೆ ಎಲ್ಲವನ್ನೂ ನೀರಿಗೆ ಒಪ್ಪಿಸಿ ಸಾವಿರಾರು ಸಂಸಾರಗಳು ಎದ್ದು ನಡೆದುವು. ಅವರಲ್ಲಿ ಎಷ್ಟೋ ಮನೆತನಗಳಿಗೆ ಅರ್ಧಶತಮಾನ ಕಳೆದರೂ ತಾವು ನೆಲಸಿದ ಭೂಮಿಯ ಹಕ್ಕುಪತ್ರದ ಪ್ರಶ್ನೆಯು ಬಗೆಹರಿಯಲಿಲ್ಲ. ಹಿನ್ನೀರಿನಿಂದ ದ್ವೀಪದಂತಾದ ಸಿಗಂದೂರಿನ ಕಡೆಯ ಜನರು ಲಾಂಚನ್ನು ಕಾದು ಕಾದು ದಶಕಗಳನ್ನು ಕಳೆದು, ೨೦೨೫ರಲ್ಲಿ ಸೇತುವೆಯನ್ನು ಕಂಡರು. ಜೋಗದ ಮಂದಿರದಲ್ಲಿ ರಾಜ ರಾಣಿಯರ ದೊಡ್ಡ ಚಿತ್ರಗಳು ಇರಲಿ. ಅವುಗಳ ಪಕ್ಕದಲ್ಲಿ ಮುಳುಗಿದ ಊರುಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಗೋಡೆಯೊಂದೂ ಇರಲಿ. ಆ ಊರುಗಳಲ್ಲಿ ಬಾಲ್ಯವನ್ನು ಕಳೆದವರು ಈಗ ವೃದ್ಧರಾಗಿರುವರು. ಅವರ ಮಾತುಗಳನ್ನು ಧ್ವನಿಮುದ್ರಣ ಮಾಡಿಸಿ ಮಂದಿರದಲ್ಲಿಡುವುದಕ್ಕೆ ಇನ್ನು ಹೆಚ್ಚು ಕಾಲವಿಲ್ಲ. ಕಟ್ಟಡವನ್ನು ಹತ್ತು ವರ್ಷ ತಡಮಾಡಿ ಕಟ್ಟಬಹುದು. ಈ ಕೆಲಸವನ್ನು ತಡಮಾಡುವಂತಿಲ್ಲ.

ಕಥೆ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ರಾಮನ ಶರದಿಂದ ಹುಟ್ಟಿದುದರಿಂದ ಶರಾವತಿಯೆಂದು ಜನರು ಹೇಳುವರು. ಶರವೆಂದರೆ ಜೊಂಡು ಹುಲ್ಲೂ ಆಗುವುದರಿಂದ, ಜೊಂಡು ಬೆಳೆಯುವ ನದಿಯೆಂದೂ ವ್ಯಾಕರಣವು ಅರ್ಥಮಾಡುವುದು. ರಕಾರದ ಮೇಲಿನ ಸ್ವರವು ಸಂಜ್ಞೆಯಲ್ಲಿ ದೀರ್ಘವಾಗುವುದಕ್ಕೆ ಪಾಣಿನಿಯ ಸೂತ್ರವೇ ಇದೆ. ಎರಡನ್ನೂ ಹೇಳಬಹುದು, ಇದು ಕಥೆ, ಇದು ಶಬ್ದಶಾಸ್ತ್ರ ಎಂದು ಬೇರೆಬೇರೆಯಾಗಿ ಹೇಳಬೇಕು. ಐರ್ಲೆಂಡಿನವರು ಫಿನ್ ಎಂಬ ದೈತ್ಯನ ಕಥೆಯನ್ನೂ, ಕರಗಿದ ಶಿಲೆಯು ಆರಿ ಬಿರಿದು ಸ್ತಂಭಗಳಾದ ವಿಜ್ಞಾನವನ್ನೂ ಒಂದೇ ಮಂದಿರದಲ್ಲಿ ಹೇಳುವರು. ಆ ಮಂದಿರವು ತೆರೆದ ವರ್ಷದಲ್ಲಿಯೇ, ಶಿಲೆಗಳ ವಯಸ್ಸನ್ನು ಕುರಿತ ಒಂದು ಧ್ವನಿಪಾಠವು ಸಂದಿಗ್ಧವಾಗಿದೆಯೆಂದು ಆಕ್ಷೇಪಣೆ ಹುಟ್ಟಿ, ಅದನ್ನು ತಿದ್ದಬೇಕಾಯಿತು. ಮಂದಿರದ ಗೋಡೆಯ ಮೇಲಿನ ಒಂದು ವಾಕ್ಯಕ್ಕೂ ಎಷ್ಟು ಬೆಲೆಯುಂಟೆಂಬುದಕ್ಕೆ ಇದು ನಿದರ್ಶನ. ಜೋಗದ ಫಲಕಗಳನ್ನು ಬರೆಯುವ ಕೆಲಸವನ್ನು ಗುತ್ತಿಗೆದಾರರಿಗೆ ಬಿಡದೆ, ಭೂಗರ್ಭಶಾಸ್ತ್ರ, ಇತಿಹಾಸ, ವನ್ಯಜೀವಿಗಳು, ಸ್ಥಳೀಯ ಜೀವನ ಇವುಗಳನ್ನು ಬಲ್ಲವರಿಗೆ ಒಪ್ಪಿಸಬೇಕು. ಅವು ಮೊದಲು ಕನ್ನಡದಲ್ಲಿ, ಹಳ್ಳಿಯ ಓದುಗನಿಗೂ ತಿಳಿಯುವ ಕನ್ನಡದಲ್ಲಿ, ಇರಬೇಕು. ಆ ಕಣಿವೆಯ ಸಿಂಗಳೀಕಗಳ ವಿಚಾರವನ್ನೂ, ಕೆಳಗಿನ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯ ಹಾಗೂ ಅಲ್ಲಿಯ ಚತುರ್ಮುಖ ಬಸದಿಯ ವಿಚಾರವನ್ನೂ ತಿಳಿದವನು ಜಲಪಾತವನ್ನು ಕಂಡು ಹಿಂದಿರುಗುವ ಬದಲು ಎರಡು ದಿನ ಆ ಸೀಮೆಯಲ್ಲಿ ನಿಲ್ಲುವನು. ಸಾಗರದ ಗುಡಿಗಾರರ ಕೆತ್ತನೆಗೂ ನಾಲ್ಕು ಕಾಸು ದೊರೆಯುವುದು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ನೀರಿಲ್ಲವೆಂಬುದನ್ನು ಮಂದಿರವೇ ಸಾರಿದರೆ ಬರುವವರು ಯಾರು? ಇದಕ್ಕೆ ನಯಾಗರಾದಿಂದ ಉತ್ತರವನ್ನು ಪಡೆಯಬಹುದು. ಅಲ್ಲಿಯೂ ದಡದ ತುಂಬ ಕಾರ್ಖಾನೆಗಳು ಮುತ್ತಿಕೊಂಡಿದ್ದುವು. ೧೮೮೫ರಲ್ಲಿ ನ್ಯೂಯಾರ್ಕ್ ಪ್ರಾಂತವು ತನ್ನ ಕಡೆಯ ದಡವನ್ನು ಕೊಂಡು ಸಾರ್ವಜನಿಕರಿಗಾಗಿ ಮೀಸಲಿರಿಸಿತು. ಅಲ್ಲಿಯೂ ನದಿಯಿಂದ ವಿದ್ಯುತ್ತನ್ನು ತೆಗೆಯುವರು. ಆದರೆ ೧೯೫೦ರ ಒಪ್ಪಂದದಲ್ಲಿ ಅಮೆರಿಕಾ ಕೆನಡಾ ದೇಶಗಳೆರಡೂ, ಪ್ರವಾಸದ ತಿಂಗಳುಗಳ ಹಗಲಿನಲ್ಲಿ ಪ್ರತಿ ಸೆಕೆಂಡಿಗೆ ೧,೦೦,೦೦೦ ಘನ ಅಡಿಗಳಿಗಿಂತಲೂ, ಇತರ ವೇಳೆಗಳಲ್ಲಿ ೫೦,೦೦೦ ಘನ ಅಡಿಗಳಿಗಿಂತಲೂ ಕಡಮೆಯಾಗದಂತೆ ಜಲಪಾತಕ್ಕೆ ನೀರನ್ನು ಬಿಡಬೇಕೆಂದು ನಿಯಮ ಮಾಡಿಕೊಂಡುವು. ದೀಪಕ್ಕೂ ಪಾಲು, ಕಣ್ಣಿಗೂ ಪಾಲು. ಶರಾವತಿಯು ನಯಾಗರಾದಂತೆ ವರ್ಷವಿಡೀ ತುಂಬಿ ಹರಿಯುವ ನದಿಯಲ್ಲ. ಬೇಸಿಗೆಯಲ್ಲಿ ನಮ್ಮ ನಾಡಿಗೆ ಬೆಳಕು ಎಷ್ಟು ಅವಶ್ಯಕವೆಂಬುದನ್ನೂ ನಾವು ಬಲ್ಲೆವು. ಆದರೂ ಅಣೆಕಟ್ಟಿನಿಂದ ನೀರು ಬಿಡುವ ದಿನಗಳು ಇಂಥವೆಂದು ಮುಂಚಿತವಾಗಿ ಪ್ರಕಟಿಸುವುದು, ಸಾಧ್ಯವಾದಲ್ಲಿ ಕೆಲವು ದಿನಗಳ ಕೆಲವು ಗಂಟೆಗಳನ್ನು ಗೊತ್ತುಮಾಡುವುದು ಕಷ್ಟವೇನಲ್ಲ. ಅಂಥ ಪ್ರಕಟನೆಯನ್ನು ಮಂದಿರದ ಬಾಗಿಲಲ್ಲಿ ನಿತ್ಯವೂ ಬರೆದಿಟ್ಟರೆ ಯಾರೂ ವಂಚಿತರಾಗರು. ನೀರಿಲ್ಲದ ದಿನಗಳಲ್ಲಿ ಬಂದವನಿಗೂ ಬಂಡೆಯ ಸ್ವರೂಪವು, ಕಣಿವೆಯ ಆಳವು, ನದಿಯು ಯುಗಯುಗಗಳಿಂದ ಕೊರೆದ ಕೆಲಸವು ಆಗಲೇ ಸ್ಪಷ್ಟವಾಗಿ ಕಾಣುವುವು. ಹೇಗೆ ನೋಡಬೇಕೆಂದು ತೋರಿಸುವವರಿದ್ದರೆ ಅದೂ ವ್ಯರ್ಥವಾದ ಯಾತ್ರೆಯಲ್ಲ.

ಇನ್ನು ವೆಚ್ಚದ ಮಾತು. ದೊಡ್ಡ ಕಟ್ಟಡವನ್ನು ಕಟ್ಟಿಸುವುದಕ್ಕೆ ಹಣವು ಒಮ್ಮೆ ಬೇಕು. ಚಿಕ್ಕ ಕಟ್ಟಡವನ್ನು ಶುಚಿಯಾಗಿಡುವುದಕ್ಕೆ ಪ್ರತಿ ದಿನವೂ ಬೇಕು. ಉದ್ಘಾಟನೆಯ ದಿನ ಹೊಳೆದ ನಲ್ಲಿಗಳು ಮೂರನೆಯ ವರ್ಷದಲ್ಲಿ ಒಣಗಿರುವುದನ್ನು ನಾವೆಲ್ಲರೂ ಹಲವೆಡೆ ಕಂಡಿರುವೆವು. ಆದುದರಿಂದ ಯೋಜನೆಯ ಕಾಗದದಲ್ಲಿ ಕಟ್ಟಡದ ಮೊಬಲಗಿನ ಪಕ್ಕದಲ್ಲಿಯೇ, ಮುಂದಿನ ಇಪ್ಪತ್ತು ವರ್ಷಗಳ ನಿರ್ವಹಣೆಯ ಮೊಬಲಗೂ ಇರಬೇಕು. ಪ್ರವೇಶಧನವನ್ನು ತೆಗೆದುಕೊಳ್ಳುವುದಾದರೆ ಅದು ಆ ಸ್ಥಳದ ಶುಚಿತ್ವಕ್ಕೂ, ಅಲ್ಲಿ ದುಡಿಯುವವರ ಸಂಬಳಕ್ಕೂ ಸಲ್ಲಲಿ. ದಾರಿ ತೋರಿಸುವ ಉದ್ಯೋಗಕ್ಕೆ ಆ ನೆರೆಯ ಹಳ್ಳಿಗಳ ತರುಣತರುಣಿಯರನ್ನೇ, ವಿಶೇಷವಾಗಿ ನೀರಿಗೆ ಊರನ್ನು ಕೊಟ್ಟ ಮನೆತನಗಳವರನ್ನು, ತರಬೇತು ಮಾಡಿ ನಿಯಮಿಸುವುದು ನ್ಯಾಯವಾದುದು. ಆ ಕಥೆಯನ್ನು ಹೇಳಲು ಅವರಿಗಿಂತ ಅಧಿಕಾರಿಗಳು ಬೇರೆ ಯಾರಿರುವರು?

ವಾಚಕರಲ್ಲಿ ಅನೇಕರು ಬರುವ ಮಳೆಗಾಲದಲ್ಲಿ ಜೋಗಕ್ಕೆ ಹೊರಡುವವರಿರಬಹುದು. ಅಂಥವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಭಾನುವಾರವನ್ನು ಬಿಟ್ಟು ವಾರದ ನಡುವಿನ ದಿನವನ್ನು ಆರಿಸಿರಿ. ನೀರಿನ ತಂಬಿಗೆಯನ್ನು ಮನೆಯಿಂದಲೇ ತೆಗೆದುಕೊಳ್ಳಿರಿ. ಕೋತಿಗಳಿಗೆ ತಿಂಡಿಯನ್ನು ಎಸೆಯಬೇಡಿರಿ. ತಂದ ಕಾಗದ ಪೊಟ್ಟಣಗಳನ್ನು ತಿರುಗಿ ಒಯ್ಯಿರಿ. ಮಕ್ಕಳಿಗೆ ಹೊರಡುವ ಮೊದಲೇ ಲಿಂಗನಮಕ್ಕಿಯ ಕಥೆಯನ್ನು ಹೇಳಿರಿ. ಅಧಿಕಾರಿಗಳ ಮುಂದೆಯೂ ಪ್ರತಿನಿಧಿಗಳ ಮುಂದೆಯೂ ಅವಕಾಶ ದೊರೆತಾಗ, ಜೋಗಕ್ಕೆ ಎಂಥ ಮಂದಿರವು ಬೇಕೆಂಬುದನ್ನು ಎರಡು ಸಾಲಿನಲ್ಲಾದರೂ ಬರೆದು ತಿಳಿಸಿರಿ. ಕಟ್ಟಡವು ಎದ್ದಮೇಲೆ ಆಡುವ ಮಾತಿಗಿಂತ ನಕ್ಷೆಯು ಕಾಗದದಲ್ಲಿರುವಾಗ ಆಡುವ ಮಾತಿಗೆ ಹೆಚ್ಚಿನ ಫಲವುಂಟು.